ಲೋಜಾ ಕಣಿವೆಯಲ್ಲಿ ಹೂಳೆತ್ತಿದ ಇಬ್ಬರು

ಫ್ರೇಜಾಳ ಬಾಯಿಗೆ ಹೆದರಿ ಲೋಜಾ ಕಣಿವೆಯ ಮೇಕೆಗಳೂ ದಾರಿ ಬಿಟ್ಟು ನಡೆಯುತ್ತವೆ ಎಂದು ಅವಳ ಗಂಡ ಔದಾ ಹೇಳುತ್ತಿದ್ದ. ಹೇಳಿಬಿಟ್ಟು ಒಮ್ಮೆ ಹಿಂದೆ ತಿರುಗಿ ನೋಡುತ್ತಿದ್ದ. ಅವಳ ಬಾಯಿ ಜೋರು, ಕೈ ಅದಕ್ಕಿಂತ ಜೋರು. ಸಿನಾಯ್ ಬೆಟ್ಟದ ನಮ್ಮ ಹೆಂಗಸರಲ್ಲಿ ಹಗಲಿಡೀ ನಲವತ್ತು ಮೇಕೆ ಮೇಯಿಸಿ, ಸಂಜೆ ಹಾಲು ಕರೆದು, ಹಿಟ್ಟು ನಾದಿ, ಆಮೇಲೆ ಜಗಳಕ್ಕೂ ಒಂದಿಷ್ಟು ಉಸಿರು ಉಳಿಸಿಕೊಳ್ಳುತ್ತಿದ್ದವಳು ಅವಳೊಬ್ಬಳೇ.

ಹದಿನೇಳನೇ ವಯಸ್ಸಿಗೆ ಅವಳು ಈ ಕಣಿವೆಗೆ ಸೊಸೆಯಾಗಿ ಬಂದಳು. ಅದು ಒಳ್ಳೆಯ ವರ್ಷ. ಏಪ್ರಿಲ್ ಬಂದರೂ ಬೆಟ್ಟದ ನೆರಳಿನ ಮಗ್ಗುಲಲ್ಲಿ ಹಿಮ ಉಳಿದಿತ್ತು, ಬಂಡೆಸಂದಿಗಳಲ್ಲೆಲ್ಲ ನೀರಿನ ಸದ್ದು ಕೇಳುತ್ತಿತ್ತು. ಅತ್ತೆ ಅವಳನ್ನು ತೋಟಕ್ಕೆ ಕರೆದೊಯ್ದು, ಕಣಿವೆಗೆ ಅಡ್ಡವಾಗಿ ಹಾದುಹೋಗಿರುವ ಕರಿಕಲ್ಲಿನ ಪಟ್ಟೆಯನ್ನು ಕಾಲಿನಿಂದ ತೋರಿಸಿದಳು.

"ಈ ಕರಿಕಲ್ಲು ನೆಲದೊಳಗೆ ಗೋಡೆ ಕಟ್ಟಿದೆ ಮಗಳೇ. ಮೇಲಿಂದ ಇಳಿದ ನೀರು ಇದನ್ನ ದಾಟಕ್ಕಾಗದೆ ಇಲ್ಲೇ ನಿಲ್ಲತ್ತೆ. ಅದಕ್ಕೇ ಹಿರೀಕರು ಇಲ್ಲಿ ಬಾವಿ ತೋಡಿದ್ದು. ನೀರು ಎಷ್ಟಾದರೂ ಎತ್ತು, ಆದರೆ ಬಾಯಾರಿ ಬಂದವರನ್ನ ಮಾತ್ರ ಹಿಂದಕ್ಕೆ ಕಳಿಸಬೇಡ."

ಬಾದಾಮಿ, ಅಂಜೂರ, ಜರ್ದಾಳು, ದಾಳಿಂಬೆ, ಎರಡು ಆಲಿವ್ ಮರ, ಸುತ್ತ ಎದೆಯೆತ್ತರದ ಕಲ್ಲುಗೋಡೆ. ಚಳಿಗಾಲದಲ್ಲಿ ಕೆಳಗಿನ ಊರಿನಲ್ಲಿ ಇರುವುದು, ಹೂ ಬಿಡುವ ಹೊತ್ತಿಗೆ ಮೇಕೆ ಹೊಡೆದುಕೊಂಡು ತೋಟಕ್ಕೆ ಹತ್ತುವುದು, ಬಾದಾಮಿ ಒಣಗಿಸಿ ಮೂಟೆ ಕಟ್ಟಿದ ಮೇಲೆ ಇಳಿಯುವುದು. ಮೂವತ್ತು ವರ್ಷ ಫ್ರೇಜಾಳ ಬದುಕು ಹೀಗೇ ಹತ್ತಿ ಇಳಿಯುತ್ತ ಸಾಗಿತು. ಒಬ್ಬಳೇ ಮಗಳು ಹುಟ್ಟಿ, ಬೆಳೆದು, ಮದುವೆಯಾಗಿ ಊರಿನಲ್ಲೇ ನೆಲೆಸಿದಳು.

ಗೋಡೆಯ ಆಚೆ ಸಾಲ್ಹಾಳ ತೋಟ. ಅವಳು ಫ್ರೇಜಾ ಬಂದ ಮರುವರ್ಷ ಆ ಮನೆಗೆ ಸೊಸೆಯಾಗಿ ಬಂದವಳು. ಮೊದಮೊದಲು ಇಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟರೆ ಆಗುತ್ತಿರಲಿಲ್ಲ. ಗೋಡೆಯ ಮೇಲಿಂದ ಬೆಂಕಿ ಕೆಂಡ ಹೋಗುತ್ತಿತ್ತು, ಉಪ್ಪು ಬರುತ್ತಿತ್ತು. ಒಬ್ಬಳ ತಲೆಯನ್ನು ಇನ್ನೊಬ್ಬಳು ಬಾಚುತ್ತಿದ್ದಳು. ಸಾಲ್ಹಾಳಿಗೆ ಮಕ್ಕಳಾಗಲಿಲ್ಲ. ಗಂಡ ಇನ್ನೊಂದು ಮದುವೆ ಮಾಡಿಕೊಳ್ಳಲಿಲ್ಲ. ಜನ ಆಡಿಕೊಂಡರೂ ಕಿವಿಗೆ ಹಾಕಿಕೊಳ್ಳದೆ, ಅವಳಿಗೆಂದು ತೋಟದ ನಡುವೆ ಒಂದು ಸಫರ್ಜಲ್ ಮರ ನೆಟ್ಟ. ಹಳದಿಯಾಗಿ ಮಾಗಿದರೂ ಹಲ್ಲು ಜುಂ ಎನ್ನಿಸುವ, ಬೇಯಿಸಿದರೆ ಮನೆ ತುಂಬ ಘಮಘಮಿಸುವ ಹಣ್ಣು. ಅದು ಫಲ ಕೊಡಲು ಶುರು ಮಾಡಿದ ಎರಡನೇ ವರ್ಷಕ್ಕೆ ಅವನು ತೀರಿಕೊಂಡ.

ಸಾಲ್ಹಾ ಆ ಮರದ ಕೊಂಬೆಗಳಿಂದ ಏಳು ಕಸಿ ಕಟ್ಟಿದಳು. ಒಂದೊಂದಕ್ಕೂ ಚಿಂದಿ ಸುತ್ತಿ, ದಿನಾ ಹೋಗಿ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಫ್ರೇಜಾಳ ಕಪ್ಪು ಮೇಕೆ ಗೋಡೆಯ ಕಲ್ಲು ಕುಸಿದ ಕಡೆಯಿಂದ ಒಳಗೆ ನುಗ್ಗಿ ಏಳನ್ನೂ ಬುಡದವರೆಗೆ ತಿಂದು ಹಾಕಿತು. ಸಾಲ್ಹಾ ಕೈಗೆ ಸಿಕ್ಕ ಕಲ್ಲು ಬೀಸಿದಳು. ಮೇಕೆಯ ಕಾಲು ಮುರಿಯಿತು. ಫ್ರೇಜಾ ಓಡಿ ಬಂದು ಮೇಕೆಯನ್ನು ನೋಡಿದವಳೇ, ಯಾರೂ ಆಡಬಾರದ ಮಾತು ಆಡಿಬಿಟ್ಟಳು.

"ಹೆರಕ್ಕಾಗದವಳಿಗೆ ಕಡ್ಡಿ ಮೇಲೆ ಇಷ್ಟು ಮೋಹ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಿರಿಯರು ಕೂತು ನ್ಯಾಯ ಹೇಳಿದರು. ಮೇಕೆಗೂ ಕಸಿಗೂ ಸರಿಹೋಯಿತು, ಇಬ್ಬರೂ ಒಪ್ಪಿ ಚಹಾ ಕುಡಿಯಲಿ ಎಂದರು. ಆ ಮಾತಿನ ಸುದ್ದಿಯನ್ನು ಸಾಲ್ಹಾ ಹಿರಿಯರ ಮುಂದೆ ಎತ್ತಲೇ ಇಲ್ಲ. ಚಹಾ ಕುಡಿದಳು, ಲೋಟ ಕೆಳಗಿಟ್ಟಳು, ಎದ್ದು ಹೋದಳು. ಅಲ್ಲಿಂದ ಹನ್ನೆರಡು ವರ್ಷ ಆ ಗೋಡೆಯ ಮೇಲಿಂದ ಒಂದು ಚಿಟಿಕೆ ಉಪ್ಪೂ ದಾಟಲಿಲ್ಲ. ಫ್ರೇಜಾ ಕೂಡ ಸುಮ್ಮನಿದ್ದಳು. ತಪ್ಪು ತನ್ನದೆಂದು ಅವಳಿಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅವಳ ಬಾಯಿ ಏಳಲಿಲ್ಲ.

ಆ ಹನ್ನೆರಡರಲ್ಲಿ ಒಂಬತ್ತು ಬರದ ವರ್ಷಗಳು.

ಮೊದಲನೇ ವರ್ಷ ಅದನ್ನು ಯಾರೂ ಬರ ಎನ್ನಲಿಲ್ಲ. ಒಂದು ಚಳಿಗಾಲ ಮಳೆ ತಪ್ಪುವುದು ನಮ್ಮ ಬೆಟ್ಟಕ್ಕೆ ಹೊಸದೇನಲ್ಲ. ಎರಡನೇ ವರ್ಷ ಹಿಮ ಬೀಳಲಿಲ್ಲ, ಮೂರನೇ ವರ್ಷ ಕಣಿವೆಯಲ್ಲಿ ಪ್ರವಾಹ ಇಳಿಯಲಿಲ್ಲ. ನಾಲ್ಕನೇ ವರ್ಷ ಹಿರಿಯರು ಮೇಲಿನ ಹುಲ್ಲುಗಾವಲುಗಳಿಗೆ ಕಟ್ಟು ಹಾಕಿ, ಜರ್ದಾಳು ಹಣ್ಣಾಗುವವರೆಗೆ ಯಾರ ಮೇಕೆಯೂ ಅಲ್ಲಿ ಕಾಲಿಡಬಾರದೆಂದರು. ಆ ವರ್ಷ ಜರ್ದಾಳು ಹಣ್ಣಾಗಲೇ ಇಲ್ಲ. ಎಳೆಕಾಯಿ ಇದ್ದಲ್ಲೇ ಸುಕ್ಕಿ ಉದುರಿತು. ಕಟ್ಟು ಬಿಡಿಸುವ ದಿನ ಯಾವುದೆಂದು ಹಿರಿಯರಿಗೇ ತಿಳಿಯಲಿಲ್ಲ. ಕವುಜುಗ ಹಕ್ಕಿಗಳು ಎಲ್ಲಿಗೋ ಹೋದವು. ಚಹಾಕ್ಕೆ ಹಾಕುವ ಬೆಟ್ಟದ ಪುದೀನ ಸಿಗದೆ ಜನ ಬರೀ ಕಪ್ಪು ಚಹಾ ಕುಡಿದರು. ಊರಿನವರೆಲ್ಲ ಪ್ರವಾದಿ ಹಾರೂನರ ಗುಡ್ಡಕ್ಕೆ ಹೋಗಿ ಕುರಿ ಕೊಯ್ದು, ಮಳೆಗಾಗಿ ಕೈಯೆತ್ತಿ ಬೇಡಿ ಬಂದರು. ಬೆಟ್ಟದ ಬುಡದ ಕ್ರೈಸ್ತ ಮಠದ ಸನ್ಯಾಸಿಗಳೂ ತಮ್ಮ ದೇವರಿಗೆ ಬೇಡಿಕೊಂಡರು. ಮೋಡ ಬರುತ್ತಿತ್ತು, ನೋಡಿಕೊಂಡು ಹೋಗುತ್ತಿತ್ತು.

ಫ್ರೇಜಾಳ ನಲವತ್ತು ಮೇಕೆ ಇಪ್ಪತ್ತಾಗಿ, ಹನ್ನೊಂದಾಗಿ, ಕೊನೆಗೆ ಐದಕ್ಕೆ ಇಳಿಯಿತು. ಗಂಡಸರು ಒಬ್ಬೊಬ್ಬರಾಗಿ ಕರಾವಳಿಗೆ ಇಳಿದರು. ಔದಾನಿಗೂ ಅಲ್ಲಿ ಒಂದು ಹೋಟೆಲ್ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ತಿಂಗಳಿಗೊಮ್ಮೆ ಹಿಟ್ಟು, ಸಕ್ಕರೆ, ಚಹಾಪುಡಿ ಹೊತ್ತು ಬರುತ್ತಿದ್ದ.

"ತೋಟ ಬಿಟ್ಟು ಕೆಳಗೆ ಬಾರೇ," ಎಂದ ಒಮ್ಮೆ. "ಮಗಳ ಮನೆ ಇದೆ. ಟ್ಯಾಂಕರ್ ನೀರಾದರೂ ಬರತ್ತೆ."

"ನಿಮ್ಮಮ್ಮ ನನ್ನ ಕೈಗೆ ಕೊಟ್ಟಾಗ ಇವೆಲ್ಲ ಹಸಿರಾಗಿದ್ವು. ಒಣಗಿಸಿ ಬಿಟ್ಟೆ ಅಂತ ಅವಳ ಗೋರಿ ಮುಂದೆ ಹೋಗಿ ನೀನು ಹೇಳ್ತೀಯಾ?"

ಔದಾ ಹೇಳುವವನಲ್ಲ. ಚೀಲ ಬಿಚ್ಚತೊಡಗಿದ.

ಒಂಬತ್ತನೇ ವರ್ಷದ ಮೇ ತಿಂಗಳಲ್ಲಿ ಫ್ರೇಜಾಳ ಬಾವಿ ಬತ್ತಿತು. ಬೆಳಿಗ್ಗೆ ಬಿಟ್ಟ ಬಕೆಟ್ ತಳಕ್ಕೆ ತಗುಲಿ ಟಣ್ಣೆಂದಿತು. ಅವಳು ಹಗ್ಗವನ್ನು ಮತ್ತೆ ಮತ್ತೆ ಕುಲುಕಿದಳು. ಮೇಲೆ ಬಂದದ್ದು ಒಂದು ಹಿಡಿ ಒದ್ದೆ ಮಣ್ಣು. ಅವತ್ತಿನಿಂದ ಅವಳು ದಿನಾ ಕತ್ತೆ ಹೊಡೆದುಕೊಂಡು ಮೂರು ಗಂಟೆಯ ದಾರಿ ಇಳಿದು, ಊರಿನ ಟ್ಯಾಂಕರ್ ಹತ್ತಿರ ನಾಲ್ಕು ಪ್ಲಾಸ್ಟಿಕ್ ಕ್ಯಾನ್ ತುಂಬಿಸಿ, ಮತ್ತೆ ಹತ್ತುವುದಕ್ಕೆ ಶುರು ಮಾಡಿದಳು. ಮೇಕೆಗಳಿಗೂ ತನಗೂ ಸಾಕಾಗಿ ಉಳಿದ ನೀರು ನಾಲ್ಕು ಮರದ ಪಾತಿಗೆ ಆಗುತ್ತಿತ್ತು. ಹೀಗೆ ಹದಿನೈದು ದಿನ ಕಳೆಯಿತು.

ಹದಿನಾರನೇ ದಿನ ಕ್ಯಾನ್ ಹೇರಿದ ಕತ್ತೆಯ ಹಿಂದೆ ಏದುಸಿರು ಬಿಡುತ್ತ ಬರುವಾಗ ಗೋಡೆಯ ಆಚೆಯಿಂದ ದನಿ ಬಂತು.

"ಆ ಕತ್ತೆಗೆ ನಮ್ಮ ಬಾವಿ ದಾರಿ ಗೊತ್ತಿಲ್ವಂತಾ?"

ಫ್ರೇಜಾ ನಿಂತಳು. ಹನ್ನೆರಡು ವರ್ಷದಲ್ಲಿ ಸಾಲ್ಹಾಳ ದನಿ ಸ್ವಲ್ಪ ಒಡೆದಿತ್ತು. ಉತ್ತರವಾಗಿ ಏನೇನೋ ಬಾಯಿಗೆ ಬಂತು. ಹೊರಬಿದ್ದದ್ದು ಇಷ್ಟು:

"ನನ್ನ ಕತ್ತೆಗೂ ಒಂದು ಮರ್ಯಾದೆ ಇದೆ."

"ಇರಲಿ. ಮರ್ಯಾದೆ ಹುಯ್ದರೆ ಬಾದಾಮಿ ಚಿಗುರತ್ತಾ ನೋಡು," ಎಂದು ಸಾಲ್ಹಾ ಒಳಗೆ ಹೋದಳು.

ಫ್ರೇಜಾ ಆ ಸಂಜೆ ರೊಟ್ಟಿ ತಟ್ಟುತ್ತ ಅದನ್ನೇ ಮೆಲುಕು ಹಾಕಿದಳು. ಸಾಲ್ಹಾ ಕರೆದದ್ದು ಅಣಕಿಸುವುದಕ್ಕೋ ಕರುಣೆಗೋ? ಎರಡಾದರೂ ಕಷ್ಟವೇ. ಮಾರನೇ ದಿನ ಬೆಳಿಗ್ಗೆ ಕತ್ತೆಯ ಹಗ್ಗ ಬಿಚ್ಚಿದಾಗ ಅದು ಎಂದಿನಂತೆ ಇಳಿದಾರಿಯ ಕಡೆ ಮುಖ ಮಾಡಿತು. ಫ್ರೇಜಾ ಅದರ ಕಿವಿ ಹಿಡಿದು ಇನ್ನೊಂದು ಕಡೆ ತಿರುಗಿಸಿದಳು. ಸಾಲ್ಹಾ ಬಾಗಿಲಲ್ಲೇ ಇದ್ದಳು. "ದಿನ ಬಿಟ್ಟು ದಿನ," ಎಂದಳು ಅಷ್ಟೇ. "ಇವತ್ತು ನಿಂದು."

ಸಾಲ್ಹಾಳ ಬಾವಿ ಆರು ಮಾರು ಆಳದ ಚಿಕ್ಕ ಬಾವಿ. ತಳದಲ್ಲಿ ಒಂದೇ ಬಂಡೆ, ಇನ್ನು ತೋಡಲು ಬಾರದು. ಎರಡು ತೋಟದ ಭಾರ ಅದು ಹೊರುವಂಥದ್ದಲ್ಲ. ಮೂರು ವಾರದಲ್ಲಿ ನೀರು ಮೊಣಕಾಲಿನಿಂದ ಪಾದಕ್ಕೆ ಇಳಿಯಿತು. ಇಬ್ಬರೂ ಬಾವಿಕಟ್ಟೆಯ ಮೇಲೆ ಕೂತು ಒಳಗೆ ಇಣುಕಿದರು.

"ಎಲ್ಲ ಮರ ಉಳಿಯಲ್ಲ," ಎಂದಳು ಸಾಲ್ಹಾ. "ಯಾವುದು ಅಂತ ಆರಿಸೋಣ."

ಒಂದು ಹಳೆಯ ಕೆಂಪು ಬಟ್ಟೆ ಹರಿದು ಪಟ್ಟಿ ಮಾಡಿಕೊಂಡು ಎರಡೂ ತೋಟ ಸುತ್ತಿದರು. ಪಟ್ಟಿ ಕಟ್ಟಿದ ಮರಕ್ಕೆ ನೀರು, ಉಳಿದವು ದೇವರ ಪಾಲು. ಜೀವಂತ ಮರದ ಮುಂದೆ ನಿಂತು ನಿನಗಿಲ್ಲ ಎನ್ನುವುದು ಸುಲಭವಲ್ಲ. ದಾಳಿಂಬೆಗಳನ್ನು ದಾಟಿಕೊಂಡು ಹೋದರು. ಆಲಿವ್ ತಾನೇ ತಾಳಿಕೊಳ್ಳುತ್ತದೆ ಎಂದು ಬಿಟ್ಟರು. ಫ್ರೇಜಾಳ ಅತ್ತೆ ನೆಟ್ಟ ಬಾದಾಮಿಗೆ ಸಾಲ್ಹಾ ಯಾರನ್ನೂ ಕೇಳದೆ ಪಟ್ಟಿ ಕಟ್ಟಿದಳು. ಸಫರ್ಜಲ್ ಮರದ ಹತ್ತಿರ ಬಂದಾಗ ಮಾತ್ರ ಕೈ ಕೆಳಗೆ ಬಿಟ್ಟು, "ಇದು ಬೇಡ. ನೀರು ಜಾಸ್ತಿ ಕುಡಿಯತ್ತೆ, ಕೊಡೋದು ಹುಳಿ ಹಣ್ಣು," ಎಂದು ಮುಂದೆ ನಡೆದಳು.

ಫ್ರೇಜಾ ಮುಂದೆ ನಡೆಯಲಿಲ್ಲ. ಅವಳ ಕೈಯಲ್ಲಿ ಒಂದೇ ಪಟ್ಟಿ ಉಳಿದಿತ್ತು. ಅದನ್ನು ಸಫರ್ಜಲ್ ಮರದ ಬುಡಕ್ಕೆ ಎರಡು ಸುತ್ತು ಸುತ್ತಿ ಬಿಗಿದು ಗಂಟು ಹಾಕಿದಳು. ಸಾಲ್ಹಾ ತಿರುಗಿ ನೋಡಿದಳು. ಗಂಟು ಬಿಚ್ಚಲಿಲ್ಲ.

ಈ ಆರಿಸುವ ಕೆಲಸವನ್ನು ಗೋಡೆಗೊರಗಿ ನೋಡುತ್ತಿದ್ದವನು ಮುತೇರ್ ಮಾವ. ಔದಾನ ಚಿಕ್ಕಪ್ಪ, ಎಂಬತ್ತರ ಹತ್ತಿರದ ಮುದುಕ. ಕಣ್ಣು ಮಂಜಾಗಿತ್ತು, ನೆನಪು ಮಂಜಾಗಿರಲಿಲ್ಲ. ಬೇಸಿಗೆಯಲ್ಲಿ ಕಣಿವೆ ಬಿಟ್ಟು ಇರಲಾರದವನೆಂದು ಫ್ರೇಜಾಳ ತೋಟದ ಗುಡಿಸಲಿನಲ್ಲೇ ಇರುತ್ತಿದ್ದ.

"ನಿನ್ನ ಬಾವಿ ಈಗ ಎಷ್ಟು ಮಾರು ಫ್ರೇಜಾ?" ಎಂದು ಕೇಳಿದ.

"ಎಂಟು, ಮಾವ. ದಿನಾ ಹಗ್ಗ ಬಿಟ್ಟವಳು ನಾನಲ್ವಾ?"

"ನಿನ್ನ ಮಾವ, ನನ್ನಣ್ಣ, ನಾವಿಬ್ಬರೂ ಹುಡುಗರಾಗಿದ್ದಾಗ ಅದನ್ನ ತೊಳೆದಿದ್ವಿ. ಆಗ ಹನ್ನೊಂದಿತ್ತು. ನಾನೇ ಇಳಿದಿದ್ದೆ."

ಇಬ್ಬರು ಹೆಂಗಸರೂ ಅವನತ್ತ ತಿರುಗಿದರು.

"ನೀವು ಇದನ್ನ ಈಗ ಹೇಳ್ತೀರಾ?" ಎಂದಳು ಫ್ರೇಜಾ.

"ನೀವು ಈಗ ತಾನೇ ಬತ್ತಿಸಿದ್ದು. ನೀರಿದ್ದಾಗ ತಳ ಯಾರು ಕೇಳ್ತಾರೆ? ದೊಡ್ಡ ಪ್ರವಾಹ ಬಂತಲ್ಲ, ನಿನ್ನ ಮಗಳು ತೊಟ್ಟಿಲಲ್ಲಿದ್ದ ವರ್ಷ, ಆವಾಗ ಒಳಗೆಲ್ಲ ಹೂಳು ತುಂಬಿಕೊಂಡಿರತ್ತೆ. ನಿನ್ನ ಬಾವಿ ಬತ್ತಿಲ್ಲ ಮಗಳೇ, ಮೂರು ಮಾರು ಮಣ್ಣು ಹೊದ್ದು ಮಲಗಿದೆ."

ಹೂಳೆತ್ತುವುದು ಗಂಡಸರ ಕೆಲಸ. ಗಂಡಸರು ಕರಾವಳಿಯಲ್ಲಿದ್ದರು. ಅವರು ಬರುವವರೆಗೆ ಕಾದರೆ ಪಟ್ಟಿ ಕಟ್ಟಿದ ಮರಗಳೂ ಕಾಯುವುದಿಲ್ಲ. ಫ್ರೇಜಾಳಿಗೆ ಆಗ ಐವತ್ತು ದಾಟಿತ್ತು, ಸಾಲ್ಹಾಳಿಗೆ ಅದರ ಆಸುಪಾಸು.

"ನಾನು ಇಳೀತೀನಿ," ಎಂದಳು ಫ್ರೇಜಾ.

"ಇಳಿ. ಒಳಗೆ ಮಾತಾಡಕ್ಕೆ ಯಾರೂ ಸಿಗಲ್ಲ, ಮೇಲಿರೋರಿಗೆ ನೆಮ್ಮದಿ," ಎಂದಳು ಸಾಲ್ಹಾ. ಹಾಗೆಂದು ಹಗ್ಗ ತರಲು ಹೋದಳು.

ಒಂದು ಉದ್ದ ಹಗ್ಗ, ಮರದ ರಾಟೆ, ಎರಡು ರಬ್ಬರ್ ಬುಟ್ಟಿ, ಗಿಡ್ಡ ಕಾವಿನ ಗುದ್ದಲಿ. ಹಗ್ಗದ ಒಂದು ತುದಿ ರಾಟೆಯ ಮೇಲಿಂದ ಬಾವಿಯೊಳಗೆ, ಇನ್ನೊಂದು ತುದಿ ಕತ್ತೆಯ ಎದೆಪಟ್ಟಿಗೆ. ಒಳಗೆ ಫ್ರೇಜಾ ಕುಕ್ಕರುಗಾಲಲ್ಲಿ ಕೂತು ಅಗೆದು ಬುಟ್ಟಿ ತುಂಬುತ್ತಾಳೆ, ಮೇಲೆ ಸಾಲ್ಹಾ ಕತ್ತೆಯನ್ನು ನಡೆಸುತ್ತಾಳೆ, ಬುಟ್ಟಿ ಏರುತ್ತದೆ, ಮುತೇರ್ ಮಾವ ಕಟ್ಟೆಯ ಮೇಲೆ ಕೂತು ಅದನ್ನು ಎಳೆದು ಸುರಿಯುತ್ತಾನೆ. ದಿನಕ್ಕೆ ಇಪ್ಪತ್ತೈದು ಬುಟ್ಟಿ, ಸರಿಯಾದ ದಿನ ಮೂವತ್ತು. ಮೊದಲು ಗಟ್ಟಿಯಾದ ಜೇಡಿ, ಆಮೇಲೆ ಮರಳು, ನಡುನಡುವೆ ಪ್ರವಾಹ ಹೊತ್ತು ತಂದ ಕಲ್ಲುಗಳು. ಒಂದು ದಿನ ಯಾರದೋ ಚಹಾ ಕೆಟಲ್ ಸಿಕ್ಕಿತು, ಮೂತಿ ಮುರಿದಿತ್ತು. ಮುತೇರ್ ಮಾವ ಅದನ್ನು ಮೂಸಿ ನೋಡಿ, "ಸಕ್ಕರೆ ಜಾಸ್ತಿ ಹಾಕ್ತಿದ್ದ ಮನೇದು," ಎಂದ. ಸಾಲ್ಹಾ ನಕ್ಕದ್ದು ಕೆಳಗಿದ್ದ ಫ್ರೇಜಾಳಿಗೆ ಕೇಳಿಸಿತು. ಆ ನಗು ಕೇಳಿ ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕುತ್ತ ಅವಳು ಮುಂದಿನ ಬುಟ್ಟಿ ತುಂಬಿದಳು.

ಹನ್ನೊಂದನೇ ದಿನ ಅದು ನಡೆಯಿತು. ಒಂಬತ್ತೂವರೆ ಮಾರು ಇಳಿದಿದ್ದರು. ಮಧ್ಯಾಹ್ನದ ರೊಟ್ಟಿಗೆಂದು ಫ್ರೇಜಾ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕೂಗಿದಳು. ಕತ್ತೆ ನಡೆಯಿತು, ಅವಳು ಗೋಡೆಗೆ ಕಾಲು ಕೊಟ್ಟು ಏರತೊಡಗಿದಳು. ಇನ್ನೇನು ಬೆಳಕು ಮುಖಕ್ಕೆ ಬೀಳಬೇಕು, ಅಷ್ಟರಲ್ಲಿ ಕತ್ತೆಯ ಎದೆಪಟ್ಟಿ ಪಟ್ಟನೆ ಹರಿಯಿತು.

ಹಗ್ಗ ಹಾವಿನಂತೆ ಬಾವಿಯ ಕಡೆ ಓಡಿತು. ಸಾಲ್ಹಾ ಅದರ ಮೇಲೆ ಬಿದ್ದು ಎರಡೂ ಕೈಯಲ್ಲಿ ಹಿಡಿದಳು. ಹಗ್ಗ ನಿಲ್ಲಲಿಲ್ಲ, ಅಂಗೈ ಸುಡುತ್ತ ಜಾರಿತು. ಅವಳು ಬಿಡಲಿಲ್ಲ. ಹಗ್ಗ ಅವಳನ್ನೇ ಎಳೆದುಕೊಂಡು ಹೋಗಿ ಬಾವಿಕಟ್ಟೆಗೆ ಬಡಿಯಿತು. ಅವಳು ಎರಡೂ ಪಾದಗಳನ್ನು ಕಟ್ಟೆಯ ಕಲ್ಲಿಗೆ ಒತ್ತಿ ಹಿಂದಕ್ಕೆ ಬಾಗಿ ನಿಂತಳು. ಒಳಗೆ ಫ್ರೇಜಾ ಎರಡು ಮಾರು ಬಿದ್ದು, ಒಂದು ಹೊಡೆತಕ್ಕೆ ನಿಂತು, ನಡುವಿನಲ್ಲಿ ತೂಗಾಡಿದಳು. ಕೆಳಗೆ ನೋಡಿದರೆ ತಾನೇ ಅಗೆದಿಟ್ಟ ಕಲ್ಲುಗಳು.

"ಬಿಡ್ಬೇಡ," ಎಂದಳು ಫ್ರೇಜಾ. ದೊಡ್ಡ ಬಾಯಿಯಿಂದ ಬಂದದ್ದು ಸಣ್ಣ ಸ್ವರ.

"ಮಾತಾಡ್ಬೇಡ," ಎಂದಳು ಮೇಲಿಂದ ಸಾಲ್ಹಾ. "ಕಾಲಿಗೆ ಕಲ್ಲು ಹುಡುಕು."

ಮುತೇರ್ ಮಾವ ಮಂಜುಗಣ್ಣಿನಲ್ಲೇ ತಡಕಾಡಿ ಹಗ್ಗದ ಬಾಲ ಹಿಡಿದು, ಅದನ್ನು ಬಾವಿಯ ಪಕ್ಕದ ಅಂಜೂರದ ಬುಡಕ್ಕೆ ಮೂರು ಸುತ್ತು ಸುತ್ತಿದ. ಫ್ರೇಜಾ ಗೋಡೆಯ ಸಂದಿಗಳಲ್ಲಿ ಕಾಲೂರಿ, ಬೆರಳೂರಿ, ಒಂದೊಂದು ಕಲ್ಲಾಗಿ ಹತ್ತಿ ಬಂದಳು. ಕಟ್ಟೆಯ ಮೇಲೆ ಹೊಟ್ಟೆಯಡಿಯಾಗಿ ಬಿದ್ದಾಗಲೂ ಸಾಲ್ಹಾ ಹಗ್ಗ ಹಿಡಿದೇ ಇದ್ದಳು. ಬೆರಳು ಬಿಡಿಸಲು ಅವಳಿಗೆ ಆಗುತ್ತಿರಲಿಲ್ಲ. ಫ್ರೇಜಾ ಒಂದೊಂದೇ ಬೆರಳು ಬಿಡಿಸಿದಳು. ಎರಡು ಅಂಗೈಯಲ್ಲೂ ಚರ್ಮ ಇರಲಿಲ್ಲ.

ಕ್ಯಾನಿನಲ್ಲಿ ಉಳಿದಿದ್ದ ಕುಡಿಯುವ ನೀರನ್ನೆಲ್ಲ ಫ್ರೇಜಾ ಆ ಕೈಗಳ ಮೇಲೆ ಹುಯ್ದಳು. ಮರಳಿನ ಕಣಗಳನ್ನು ಒಂದೊಂದಾಗಿ ತೆಗೆದಳು. ಬೆಟ್ಟದ ಸೊಪ್ಪು ಅರೆದು, ಆಲಿವ್ ಎಣ್ಣೆಯಲ್ಲಿ ಕಲಸಿ ಹಚ್ಚಿ, ತನ್ನ ತಲೆವಸ್ತ್ರ ಹರಿದು ಕಟ್ಟಿದಳು.

"ಸಾಲ್ಹಾ, ಅವತ್ತು ಮೇಕೆ ವಿಷಯಕ್ಕೆ ನಾನೊಂದು ಮಾತಂದೆ."

ಫ್ರೇಜಾ ಕಟ್ಟಿನ ತುದಿಯನ್ನು ಒಳಗೆ ಸಿಕ್ಕಿಸಿದಳು.

"ಅದನ್ನ ನಾಲಿಗೆಯಿಂದ ವಾಪಸ್ ತಗೊಳ್ಳಕ್ಕಾಗಿದ್ರೆ ಅವತ್ತೇ ತಗೋತಿದ್ದೆ. ಕ್ಷಮಿಸು ಅಂತ ಕೇಳಕ್ಕೂ ಮುಖ ಇರಲಿಲ್ಲ."

"ಆ ಮಾತು ನನಗೆ ದಿನಾ ನೆನಪಿತ್ತು," ಎಂದಳು ಸಾಲ್ಹಾ, ಕೈಗಳನ್ನು ನೋಡುತ್ತ. "ಏಳುವಾಗ, ಮಲಗುವಾಗ. ನಿನ್ನ ಬಾವಿ ಬತ್ತಿದಾಗ, ಹೇಳ್ತೀನಿ ಕೇಳು, ಮೊದಲನೇ ದಿನ ನನಗೆ ಖುಷಿನೇ ಆಯ್ತು. ಎರಡನೇ ದಿನ ಆಗಲಿಲ್ಲ. ಹಗ್ಗ ಕೈಗೆ ಬಂದಾಗ ಮಾತ್ರ ಅದು ನೆನಪಿಗೇ ಬರಲಿಲ್ಲ ಕಣೇ. ಇವಳು ಬಿದ್ದರೆ ನಾನು ಯಾರ ಜೊತೆ ಮಾತು ಬಿಡಲಿ ಅಂತ ಅನ್ನಿಸ್ತು, ಅಷ್ಟೇ."

ಫ್ರೇಜಾಳ ಕಣ್ಣಿಂದ ನೀರು ಇಳಿಯಿತು. ಮುತೇರ್ ಮಾವ, "ಇದನ್ನ ಪಾತಿಗಾದರೂ ಬಿಡ್ರೇ, ದಂಡ ಆಗ್ತಿದೆ," ಎಂದ.

ಎಂಟು ದಿನ ಕೆಲಸ ನಿಂತಿತು. ಒಂಬತ್ತನೇ ದಿನ ಔದಾ ಹಿಟ್ಟಿನ ಚೀಲ ಹೊತ್ತು ಬಂದ. ಬಾವಿಯ ಪಕ್ಕದ ಮಣ್ಣಿನ ಗುಡ್ಡೆ, ಸಾಲ್ಹಾಳ ಕೈಯ ಕಟ್ಟು, ತನ್ನ ಹೆಂಡತಿಯ ಸೊಂಟದ ಮೇಲೆ ಹಗ್ಗ ಕೊರೆದ ಗಾಯ ಎಲ್ಲವನ್ನೂ ನೋಡಿ ಚೀಲ ಇಳಿಸುವುದನ್ನೇ ಮರೆತು ನಿಂತ.

"ನಿಮಗೆಲ್ಲ ತಲೆ ಸರಿಯಿದೆಯಾ? ಇನ್ನು ನಾನು ಇಳೀತೀನಿ, ನೀನು ಮೇಲಿರು," ಎಂದ ಕೊನೆಗೆ.

ಆದರೆ ಹೋಟೆಲ್ ಅಡುಗೆಮನೆ ಐದು ವರ್ಷದಲ್ಲಿ ಔದಾನನ್ನು ಚೆನ್ನಾಗಿ ನೋಡಿಕೊಂಡಿತ್ತು. ಬಾವಿಯ ಕೆಳಭಾಗದಲ್ಲಿ ಕಲ್ಲುಗಟ್ಟು ಕಿರಿದಾಗುವಲ್ಲಿ ಅವನ ಹೊಟ್ಟೆ ಸಿಕ್ಕಿಕೊಂಡಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಎಳೆದು ತೆಗೆಯಲು ಅರ್ಧ ಗಂಟೆ ಹಿಡಿಯಿತು.

"ಬಾವಿಗೆ ಬಿರಡೆ ಬೇಕಾದಾಗ ನಿನ್ನನ್ನ ಕರೀತೀವಿ," ಎಂದಳು ಫ್ರೇಜಾ.

ಹಾಗಾಗಿ ಔದಾ ಮೇಲೆ ನಿಂತ. ಹೊಸ ಎದೆಪಟ್ಟಿ ಹೊಲಿದು, ಹಗ್ಗದ ತುದಿಯನ್ನು ಮೊದಲೇ ಅಂಜೂರಕ್ಕೆ ಬಿಗಿದು, ಕತ್ತೆಯನ್ನು ನಡೆಸಿದ. ರಜೆ ಮುಗಿದರೂ ಹೂಳು ಮುಗಿಯುವವರೆಗೆ ಕರಾವಳಿಗೆ ಹೋಗಲಿಲ್ಲ. ಸಾಲ್ಹಾ ಕೈ ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತು, ಒಳಗಿದ್ದವಳೊಡನೆ ಮಾತಾಡುತ್ತಿದ್ದಳು. ಹನ್ನೆರಡು ವರ್ಷದ ಸುದ್ದಿ ಉಳಿದಿತ್ತು. ಯಾರ ಮದುವೆಯಲ್ಲಿ ಅನ್ನ ಸೀದಿತು, ಯಾವ ಸೊಸೆ ಅತ್ತೆಗೆ ತಿರುಗಿ ನಿಂತಳು, ಎಲ್ಲವನ್ನೂ ಬಾವಿಗೆ ಬಗ್ಗಿ ಹೇಳಿದಳು.

ಹನ್ನೊಂದು ಮಾರಿಗೆ ಇನ್ನು ಒಂದು ಮೊಳ ಇದ್ದಾಗ, ಒಂದು ಬೆಳಿಗ್ಗೆ ಒಳಗಿನಿಂದ ಗುದ್ದಲಿಯ ಸದ್ದು ನಿಂತಿತು. ಔದಾ ಕೂಗಿದ. ಉತ್ತರವಿಲ್ಲ. ಮತ್ತೆ ಕೂಗಿದ. ಅವಳ ಬಾಯಿ ಸುಮ್ಮನಾದರೆ ಅವನಿಗೆ ಯಾವಾಗಲೂ ಭಯ.

"ಏನಾಯ್ತೇ?"

"ಏನಿಲ್ಲ," ಎಂದು ದನಿ ಬಂತು, ನಿಧಾನಕ್ಕೆ. "ಕಾಲು ಒದ್ದೆಯಾಗ್ತಿದೆ."

ಕರಿಕಲ್ಲಿನ ಬುಡದ ಬಿರುಕೊಂದರಿಂದ ಒರತೆ ಜಿನುಗುತ್ತಿತ್ತು. ದಾರದಷ್ಟು ಸಣ್ಣ, ಆದರೆ ನಿಲ್ಲದ್ದು. ಫ್ರೇಜಾ ಕೆಸರಲ್ಲೇ ಮಂಡಿಯೂರಿ ಕೂತು, ಅಂಗೈಯಲ್ಲಿ ಅದು ತುಂಬುವವರೆಗೆ ಹಿಡಿದು ಕುಡಿದಳು. ಅಲ್‌ಹಮ್ದುಲಿಲ್ಲಾ ಎಂದಳು. ದೇವರಿಗೆ ಸ್ತುತಿ ಎಂದು ಮಾತಿಗೊಮ್ಮೆ ಬಾಯಿಗೆ ಬರುವ ಮಾತದು. ಅವತ್ತು ಅವಳಿಗೆ ಅದರ ಒಂದೊಂದು ಅಕ್ಷರವೂ ಬೇರೆಬೇರೆಯಾಗಿ ಕೇಳಿಸಿತು. ಆಮೇಲೆ ಮೊದಲ ಬಕೆಟ್ ತುಂಬಲು ಮುಕ್ಕಾಲು ಗಂಟೆ ಕಾದು, ಅದನ್ನು ಮೇಲೆ ಕಳಿಸುತ್ತ ಕೂಗಿ ಹೇಳಿದಳು: "ಮೊದಲು ಸಾಲ್ಹಾಗೆ ಕುಡಿಸಿ. ಅವಳಿಗೆ ಲೋಟ ಹಿಡಿಯಕ್ಕಾಗಲ್ಲ, ನೀವೇ ಹಿಡಿದು ಕುಡಿಸಿ ಮಾವ."

ಬಾವಿಯಲ್ಲಿ ಮಾರನೇ ದಿನಕ್ಕೆ ಮೊಣಕಾಲುದ್ದ ನೀರು ನಿಂತಿತು. ಎತ್ತಿದಷ್ಟು ಇಳಿಯುತ್ತಿತ್ತು, ಒಂದು ಹಗಲಿಗೆ ಮತ್ತೆ ಅಷ್ಟೇ ಏರುತ್ತಿತ್ತು.

ಶುಕ್ರವಾರದ ನಮಾಜಿನ ನಂತರ ಹಿರಿಯರು ಸೇರಿದ್ದಲ್ಲಿಗೆ ಫ್ರೇಜಾ ಔದಾ, ಸಾಲ್ಹಾ, ಮುತೇರ್ ಮಾವನನ್ನು ಕರೆದುಕೊಂಡು ಹೋದಳು. ಹೆಂಗಸರ ಮಾತನ್ನು ಸಾಮಾನ್ಯವಾಗಿ ಮನೆಯ ಗಂಡಸು ಹೇಳುತ್ತಾನೆ. ಔದಾ ಎದ್ದು ನಿಂತು, "ಇವಳ ಮಾತು ಇವಳೇ ಹೇಳ್ತಾಳೆ, ನಾನು ಹೇಳಿದರೆ ತಪ್ಪಾಯ್ತು ಅಂತಾಳೆ," ಎಂದು ಕೂತ.

"ಲೋಜಾ ಕಣಿವೆಯ ನಮ್ಮ ಬಾವಿಯಲ್ಲಿ ಅರ್ಧ ಪಾಲು ಸಾಲ್ಹಾದು," ಎಂದಳು ಫ್ರೇಜಾ. "ನಾನಿರೋವರೆಗೆ ಅಂತಲ್ಲ. ಆಮೇಲೂ. ನನ್ನ ಗಂಡ ಒಪ್ಪಿದ್ದಾನೆ, ಮಗಳು ಒಪ್ಪಿದ್ದಾಳೆ. ಎಲ್ಲರ ಮುಂದೆ ಹೇಳಬೇಕು ಅಂತ ಬಂದೆ. ಇನ್ನೊಂದು ಮಾತೂ ಎಲ್ಲರ ಮುಂದೆ ಹೇಳಬೇಕು. ಆವತ್ತು ಇಲ್ಲೇ ನ್ಯಾಯ ನಡೆದಾಗ ಅವಳು ಮುಚ್ಚಿಟ್ಟ ತಪ್ಪೊಂದು ನನ್ನದಿದೆ. ಏನು ಅಂತ ಹೇಳಲ್ಲ, ಹೇಳಿದರೆ ಅವಳಿಗೆ ಮತ್ತೆ ನೋವು. ತಪ್ಪು ನನ್ನದು ಅಂತ ಮಾತ್ರ ಗೊತ್ತಿರಲಿ."

ಹಿರಿಯರಲ್ಲಿ ಒಬ್ಬ ಗಡ್ಡ ನೀವಿಕೊಂಡು, "ಸಾಕ್ಷಿ ಯಾರು?" ಎಂದ. ಅದು ಪದ್ಧತಿಯ ಮಾತು. ಮುತೇರ್ ಮಾವ ಸಾಲ್ಹಾಳ ಮಣಿಕಟ್ಟು ಹಿಡಿದು ಅವಳ ಎರಡು ಅಂಗೈಗಳನ್ನು ಅವರ ಮುಂದೆ ತೆರೆದು ಹಿಡಿದ. ಯಾರೂ ಇನ್ನೇನೂ ಕೇಳಲಿಲ್ಲ.

ಬರ ಆ ವರ್ಷವೇ ಮುಗಿಯಲಿಲ್ಲ. ಇನ್ನೂ ಮೂರು ವರ್ಷ ನಡೆಯಿತು. ಆದರೆ ಕೆಂಪು ಪಟ್ಟಿಯ ಮರಗಳೆಲ್ಲ ಬದುಕಿದವು, ಪಟ್ಟಿಯಿಲ್ಲದವುಗಳಲ್ಲೂ ಎಷ್ಟೋ ಉಳಿದವು. ಎರಡು ತೋಟದ ನಡುವಿನ ಗೋಡೆಯಲ್ಲಿ ಔದಾ ಪೈಪು ಹಾಯುವಷ್ಟು ತೂತು ಮಾಡಿದ. ಹಾದಿಹೋಕರು, ಬೇರೆಯವರ ಮೇಕೆಗಳು, ಯಾರೂ ಆ ಕಟ್ಟೆಯಿಂದ ಬಾಯಾರಿ ಹೋಗಲಿಲ್ಲ. ಸುದ್ದಿ ಕರಾವಳಿಗೂ ಇಳಿಯಿತು. ಇಬ್ಬರು ಹೆಂಗಸರು, ಒಬ್ಬ ಕಣ್ಣು ಕಾಣದ ಮುದುಕ, ಒಂದು ಕತ್ತೆ ಸೇರಿ ಮೂರು ಮಾರು ಹೂಳೆತ್ತಿದರಂತೆ ಎಂದು ಕೇಳಿದ ಗಂಡಸರಿಗೆ ಸುಮ್ಮನೆ ಕೂರಲಾಗಲಿಲ್ಲ. ಮುಂದಿನ ಚಳಿಗಾಲ ಹತ್ತಾರು ಜನ ಮೇಲೆ ಬಂದು ಪಕ್ಕದ ಕಣಿವೆಗಳಲ್ಲಿ ಏಳು ಬಾವಿ ತೊಳೆದರು. ಐದರಲ್ಲಿ ನೀರು ಸಿಕ್ಕಿತು. ಬಾವಿಯ ಹಳೆಯ ಆಳ ಯಾವುದು ಎಂದು ಕೇಳಲು ಎಲ್ಲರೂ ಮುತೇರ್ ಮಾವನ ಹತ್ತಿರವೇ ಬರುತ್ತಿದ್ದರು. ಅವನು ಆಮೇಲೆ ಎರಡು ವರ್ಷ ಬಹಳ ಗತ್ತಿನಿಂದ ಇದ್ದ, ಮೂರನೇ ವರ್ಷ ನೆಮ್ಮದಿಯಾಗಿ ಕಣ್ಣು ಮುಚ್ಚಿದ.

ಬರದ ಹನ್ನೆರಡನೇ ವರ್ಷದ ಜನವರಿಯಲ್ಲಿ ಎರಡು ಹಗಲು ಎಡೆಬಿಡದೆ ಮಳೆ ಸುರಿದು, ಮೂರನೇ ಹಗಲು ಹಿಮವಾಯಿತು. ಊರಿನಲ್ಲಿದ್ದ ಫ್ರೇಜಾ ಬಾಗಿಲು ತೆರೆದು ಹೊರಗೆ ಕೈ ಚಾಚಿ ನಿಂತಳು. ಮಗಳು ಶಾಲು ಹೊದಿಸಲು ಬಂದರೆ ಬೇಡವೆಂದಳು. ಬೇಸಿಗೆಗೆ ತೋಟ ಹತ್ತಿದಾಗ ಬಾವಿಯ ನೀರು ಕೈಗೆ ಎಟುಕುವಷ್ಟು ಮೇಲಿತ್ತು. ಬೆಟ್ಟದ ಪುದೀನ ಬಂಡೆಯ ಸಂದಿಗಳಲ್ಲಿ ಮತ್ತೆ ಚಿಗುರಿತ್ತು. ಔದಾ ಕರಾವಳಿಯ ಕೆಲಸ ಬಿಟ್ಟು ಬಂದ. ಅವನ ಹೊಟ್ಟೆಯೂ ಕ್ರಮೇಣ ಇಳಿಯಿತು.

ಈಗ ಫ್ರೇಜಾಳಿಗೆ ಎಪ್ಪತ್ತರ ಹತ್ತಿರ. ಮೇಕೆಗಳು ಹದಿನಾರು. ಮಳೆ ಬಂದರೂ ಬಾರದಿದ್ದರೂ ವರ್ಷಕ್ಕೊಮ್ಮೆ ಹಗ್ಗ ಬಿಟ್ಟು ಬಾವಿಯ ತಳ ಅಳೆಯುವ ರೂಢಿ ಕಣಿವೆಯಲ್ಲೆಲ್ಲ ನಿಂತಿದೆ. ಸಾಲ್ಹಾಳ ಗಾಯ ಮಾಯಿತು, ಆದರೆ ಬೆರಳುಗಳು ಪೂರ್ತಿ ಮಡಚಲಾರವು. ಹಿಟ್ಟು ನಾದಲು ಅವಳಿಗೆ ಬರುವುದಿಲ್ಲ. ಹಾಗಾಗಿ ಅಂದಿನಿಂದ ಎರಡು ಮನೆಯ ಹಿಟ್ಟನ್ನೂ ಫ್ರೇಜಾಳೇ ನಾದುತ್ತಾಳೆ. ಸಾಲ್ಹಾ ಎದುರಿಗೆ ಕೂತು ಚಹಾ ಕಾಯಿಸುತ್ತಾಳೆ, ತಪ್ಪು ಹುಡುಕುತ್ತಾಳೆ.

"ಉಪ್ಪು ಕಡಿಮೆ ಹಾಕ್ದೆ."

"ನೀನು ರುಚಿ ನೋಡಿದೆಯಾ?"

"ಬಣ್ಣ ನೋಡಿದ್ರೇ ಗೊತ್ತಾಗತ್ತೆ."

"ಅಷ್ಟು ಗೊತ್ತಿದ್ರೆ ನೀನೇ ನಾದು."

ಹೀಗೆ ಅಂದು ಫ್ರೇಜಾ ತಾನೇ ಒಂದು ಚಿಟಿಕೆ ಉಪ್ಪು ತೆಗೆದು ಸೇರಿಸುತ್ತಾಳೆ. ಮೊದಲ ರೊಟ್ಟಿ ಒಲೆಯ ಮೇಲೆ ಬೋರಲಿಟ್ಟ ಬಾಣಲೆಯ ಬೆನ್ನಿನಿಂದ ಇಳಿದಾಗ ಬಿಸಿಬಿಸಿ ಮುರಿದು, ಆಲಿವ್ ಎಣ್ಣೆಯಲ್ಲಿ ಅದ್ದಿ, ಸಾಲ್ಹಾಳ ಕೈಗೆ ಕೊಡದೆ ನೇರ ಬಾಯಿಗೆ ಇಡುತ್ತಾಳೆ. ಸಾಲ್ಹಾ ಅಗಿಯುತ್ತ, ಸರಿಯಾಗಿದೆ ಎಂದು ತಲೆಯಾಡಿಸುತ್ತಾಳೆ. ಫ್ರೇಜಾ ಅಲ್‌ಹಮ್ದುಲಿಲ್ಲಾ ಎಂದು ಎರಡನೇ ರೊಟ್ಟಿ ತಟ್ಟುತ್ತಾಳೆ.